ಮಿದುಳಿನ ನೀರು, ಶಂಟಿನ ಕೊಳವೆ, ಸಂಶೋಧನೆಯ ಹಣ

2012ರಲ್ಲಿ ಮ್ಯಾಕ್‌ಆರ್ಥರ್ ಫೆಲೋಶಿಪ್ ಪಡೆದವರಲ್ಲಿ ಬೆಂಜಮಿನ್ ವಾರ್ಫ್ ಎಂಬ ಅಮೆರಿಕದ ಮಕ್ಕಳ ನರಶಸ್ತ್ರತಜ್ಞರೂ ಇದ್ದರು. ಆಗ ಅದರ ಮೊತ್ತ ಐದು ಲಕ್ಷ ಡಾಲರ್. ಅದಕ್ಕೆ ಯಾರೂ ಅರ್ಜಿ ಹಾಕುವಂತಿಲ್ಲ. ಪ್ರತಿಷ್ಠಾನವೇ ಆರಿಸುತ್ತದೆ, ಖರ್ಚಿನ ಲೆಕ್ಕವನ್ನೂ ಕೇಳುವುದಿಲ್ಲ. ವಾರ್ಫ್ ಅವರ ಹೆಸರನ್ನು ಅಲ್ಲಿಯವರೆಗೆ ತಲುಪಿಸಿದ್ದು ಪೂರ್ವ ಉಗಾಂಡಾದ ಎಂಬಾಲೆ ಪಟ್ಟಣದ ಮಕ್ಕಳ ಆಸ್ಪತ್ರೆಯಲ್ಲಿ ಅವರು ಮಾಡಿದ ಕೆಲಸ. ಮೂರು ವರ್ಷದ ನಂತರ, 2015ರಲ್ಲಿ, ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ತನ್ನ ‘ಪಯೋನಿಯರ್ ಅವಾರ್ಡ್’ ಅನ್ನು ಸ್ಟೀವನ್ ಶಿಫ್ ಎಂಬ ಇನ್ನೊಬ್ಬ ನರಶಸ್ತ್ರತಜ್ಞರಿಗೆ ಕೊಟ್ಟಿತು. ಅವರು ಹುಡುಕುತ್ತಿದ್ದದ್ದೂ ಉಗಾಂಡಾದ ಅದೇ ಮಕ್ಕಳ ಅದೇ ಕಾಯಿಲೆಯ ಮೂಲವನ್ನು.

ಆ ಕಾಯಿಲೆಯ ಹೆಸರು ಹೈಡ್ರೋಕೆಫಾಲಸ್. ನಮ್ಮ ಆಸ್ಪತ್ರೆಗಳಲ್ಲಿ ‘ತಲೆಯಲ್ಲಿ ನೀರು ತುಂಬಿದೆ’ ಎಂದು ಹೇಳುವುದು ಇದನ್ನೇ. ಇದಕ್ಕೆ ಚಿಕಿತ್ಸೆ ಇಲ್ಲದೇನಿಲ್ಲ. ಶಂಟ್ ಎಂಬ ಕೊಳವೆ ಹಾಕುವ ಶಸ್ತ್ರಚಿಕಿತ್ಸೆ ಸುಮಾರು ಎಪ್ಪತ್ತು ವರ್ಷಗಳಿಂದ ನಡೆಯುತ್ತಿದೆ. ಹಾಗಿರುವಾಗ ಇದರ ಸಂಶೋಧನೆಗೆ ಇಷ್ಟು ಹಣ ಏಕೆ, ಆ ಹಣ ಎಲ್ಲಿಗೆ ಹೋಗುತ್ತದೆ, ಅದರಿಂದ ರೋಗಿಗೆ ಏನು ಸಿಗುತ್ತದೆ? ಉತ್ತರಕ್ಕೆ ಮೊದಲು ಆ ನೀರಿನ ದಾರಿ ಗೊತ್ತಿರಬೇಕು.

ನೀರು ಹುಟ್ಟುವುದೆಲ್ಲಿ, ಸೇರುವುದೆಲ್ಲಿ

ಮಿದುಳು ಮತ್ತು ಬೆನ್ನುಹುರಿಯ ಸುತ್ತಲೂ, ಮಿದುಳಿನ ಒಳಗಿನ ಕುಹರಗಳಲ್ಲೂ ಬಣ್ಣವಿಲ್ಲದ ತಿಳಿ ದ್ರವವೊಂದಿದೆ. ವೈದ್ಯರು ಅದನ್ನು ಸಿ.ಎಸ್.ಎಫ್. ಎನ್ನುತ್ತಾರೆ. ವಯಸ್ಕರಲ್ಲಿ ಒಂದು ಹೊತ್ತಿನಲ್ಲಿ ಇರುವುದು ಸುಮಾರು 150 ಮಿಲಿಲೀಟರ್ ಮಾತ್ರ. ಆದರೆ ದಿನವೊಂದಕ್ಕೆ ಉತ್ಪತ್ತಿಯಾಗುವುದು ಸುಮಾರು 500 ಮಿಲಿಲೀಟರ್. ಅಂದರೆ ಹಳೆಯದು ಹೋಗಿ ಹೊಸದು ಬರುವ ಕೆಲಸ ದಿನಕ್ಕೆ ಮೂರು ಸಲವಾದರೂ ಆಗುತ್ತದೆ. ಈ ದ್ರವದಲ್ಲಿ ತೇಲುವುದರಿಂದಲೇ ಸುಮಾರು 1,400 ಗ್ರಾಂ ತೂಕದ ಮಿದುಳಿನ ಭಾರ ಒಳಗೆ 50 ಗ್ರಾಂನಷ್ಟಕ್ಕೆ ಇಳಿಯುತ್ತದೆ. ಇಲ್ಲವಾದರೆ ಮಿದುಳು ತನ್ನ ಭಾರಕ್ಕೆ ತಾನೇ ತನ್ನ ತಳದ ನರಗಳನ್ನೂ ರಕ್ತನಾಳಗಳನ್ನೂ ಅದುಮಿಬಿಡುತ್ತಿತ್ತು.

ಮಿದುಳಿನಲ್ಲಿ ನಾಲ್ಕು ಕುಹರಗಳಿವೆ. ಅವುಗಳಲ್ಲಿ ‘ಕೊರಾಯ್ಡ್ ಪ್ಲೆಕ್ಸಸ್’ ಎಂಬ ರಕ್ತನಾಳಗಳ ಗೊಂಚಲಿದೆ. ದ್ರವದ ಹೆಚ್ಚಿನ ಪಾಲು ಅಲ್ಲಿ ಹುಟ್ಟುತ್ತದೆ. ಎಡ-ಬಲದ ಎರಡು ದೊಡ್ಡ ಕುಹರಗಳಿಂದ ಅದು ನಡುವಿನ ಮೂರನೆಯದಕ್ಕೆ ಇಳಿಯುತ್ತದೆ. ಅಲ್ಲಿಂದ ‘ಸಿಲ್ವಿಯಸ್ ನಾಳ’ ಎಂಬ ಸಪೂರ ಕಾಲುವೆಯ ಮೂಲಕ ನಾಲ್ಕನೆಯದಕ್ಕೆ ಹೋಗಿ, ಮಿದುಳಿನ ಹೊರಬದಿಗೆ ಬಂದು, ಕಡೆಗೆ ತಲೆಯ ದೊಡ್ಡ ಅಭಿಧಮನಿಗಳ ರಕ್ತಕ್ಕೆ ಸೇರುತ್ತದೆ. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ವಾಲ್ಟರ್ ಡ್ಯಾಂಡಿ ಮತ್ತು ಕೆನೆತ್ ಬ್ಲ್ಯಾಕ್‌ಫ್ಯಾನ್ 1913ರ ಸುಮಾರಿಗೆ ಈ ದಾರಿಯನ್ನು ಪ್ರಯೋಗದಿಂದ ತೋರಿಸಿದರು. ನಾಯಿಗಳಲ್ಲಿ ಆ ಸಪೂರ ನಾಳವನ್ನು ಮುಚ್ಚಿದಾಗ ಅದರ ಹಿಂದಿನ ಕುಹರಗಳು ಉಬ್ಬಿಕೊಂಡವು.

ಕೆರೆಯ ಲೆಕ್ಕದಲ್ಲಿ ಹೇಳುವುದಾದರೆ, ಒಳಹರಿವು ನಿಲ್ಲದೆ ತೂಬಿಗೆ ಕಸ ಸಿಕ್ಕಿಕೊಂಡರೆ ನೀರು ಏರುತ್ತದೆ. ತೂಬು ಸರಿಯಿದ್ದು ಕೆಳಗಿನ ಕಾಲುವೆ ಹೂಳು ತುಂಬಿದ್ದರೂ ಏರುತ್ತದೆ. ವೈದ್ಯರು ಹೈಡ್ರೋಕೆಫಾಲಸ್‌ನಲ್ಲಿ ಗುರುತಿಸುವ ಎರಡು ಮುಖ್ಯ ಬಗೆಗಳು ಇವೇ. ಕುಹರಗಳ ನಡುವೆಯೇ ಅಡ್ಡಿ ಇರುವುದು ಒಂದು. ದಾರಿ ತೆರೆದಿದ್ದೂ ಕೊನೆಯಲ್ಲಿ ದ್ರವ ರಕ್ತಕ್ಕೆ ಸೇರದೆ ಉಳಿಯುವುದು ಇನ್ನೊಂದು. ಯಾವ ಬಗೆ ಎಂಬುದರ ಮೇಲೆ ಚಿಕಿತ್ಸೆ ನಿಂತಿದೆ.

ಪಠ್ಯಪುಸ್ತಕದ ಈ ಚಿತ್ರವೂ ಪೂರ್ತಿಯಲ್ಲ. 2012ರಲ್ಲಿ ಮೈಕೆನ್ ನೆಡರ್‌ಗಾರ್ಡ್ ಅವರ ತಂಡ, ಈ ದ್ರವ ರಕ್ತನಾಳಗಳ ಪಕ್ಕದ ಸಂದುಗಳಿಂದ ಮಿದುಳಿನ ಒಳಕ್ಕೇ ನುಗ್ಗಿ ಕೊಳೆಯನ್ನು ತೊಳೆದು ಬರುತ್ತದೆ ಎಂದು ಇಲಿಗಳಲ್ಲಿ ತೋರಿಸಿತು. 2015ರಲ್ಲಿ ಎರಡು ಬೇರೆ ಬೇರೆ ತಂಡಗಳು ಮಿದುಳಿನ ಹೊದಿಕೆಯಲ್ಲಿ ದುಗ್ಧನಾಳಗಳಿರುವುದನ್ನು ವಿವರಿಸಿದವು. ದ್ರವ ಹೊರಹೋಗುವ ದಾರಿಗಳು ಒಂದಕ್ಕಿಂತ ಹೆಚ್ಚು, ಯಾವುದರ ಪಾಲು ಎಷ್ಟೆಂಬ ವಾದ ಇನ್ನೂ ನಡೆದಿದೆ. ನೂರು ವರ್ಷದ ಹಿಂದೆ ಮುಗಿಯಿತೆಂದುಕೊಂಡ ಅಧ್ಯಾಯ ಹೀಗೆ ಮತ್ತೆ ತೆರೆದುಕೊಂಡಿದ್ದೇ ಸಂಶೋಧನಾ ಹಣ ಈ ಕಡೆ ತಿರುಗಲು ಒಂದು ಕಾರಣ.

ನೀರು ನಿಂತಾಗ ಕಾಣುವ ಲಕ್ಷಣಗಳು

ಮಗು ಹುಟ್ಟುವಾಗಲೇ ಆ ನಾಳ ಕಿರಿದಾಗಿರಬಹುದು. ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳದ ‘ಸ್ಪೈನಾ ಬೈಫಿಡಾ’ದ ಜೊತೆಗೆ ಬರಬಹುದು. ಅವಧಿಗೆ ಮುನ್ನ ಹುಟ್ಟಿದ ಶಿಶುವಿನ ಮಿದುಳಿನೊಳಗೆ ರಕ್ತಸ್ರಾವವಾಗಿ ದಾರಿ ಕಟ್ಟಬಹುದು. ಮಿದುಳುಪೊರೆಯ ಸೋಂಕು, ಗೆಡ್ಡೆ, ತಲೆಗೆ ಬಿದ್ದ ಪೆಟ್ಟು ಇವೂ ಕಾರಣಗಳೇ.

ಒಂದು ವರ್ಷದೊಳಗಿನ ಮಗುವಿನ ತಲೆಬುರುಡೆಯ ಮೂಳೆಗಳು ಇನ್ನೂ ಬೆಸೆದುಕೊಂಡಿರುವುದಿಲ್ಲ. ಹಾಗಾಗಿ ಒತ್ತಡ ಹೆಚ್ಚಿದರೆ ತಲೆಯೇ ದೊಡ್ಡದಾಗುತ್ತದೆ. ತಿಂಗಳು ತುಂಬಿ ಹುಟ್ಟಿದ ಮಗುವಿನ ತಲೆಯ ಸುತ್ತಳತೆ ಸುಮಾರು 34-35 ಸೆಂ.ಮೀ. ಇರುತ್ತದೆ. ಮೊದಲ ಮೂರು ತಿಂಗಳು ತಿಂಗಳಿಗೆ ಸುಮಾರು 2 ಸೆಂ.ಮೀ., ಮುಂದಿನ ಮೂರು ತಿಂಗಳು 1 ಸೆಂ.ಮೀ., ಆಮೇಲೆ ವರ್ಷ ತುಂಬುವವರೆಗೆ ಅರ್ಧ ಸೆಂ.ಮೀ.ನಂತೆ ಬೆಳೆಯುತ್ತದೆ. ಇದಕ್ಕಿಂತ ಬೇಗ ಬೆಳೆಯುತ್ತಿದ್ದರೆ, ನೆತ್ತಿಯ ಮೆತ್ತನೆಯ ಜಾಗ ಉಬ್ಬಿ ಬಿಗಿಯಾಗಿದ್ದರೆ, ನೆತ್ತಿಯ ಮೇಲಿನ ರಕ್ತನಾಳಗಳು ಎದ್ದು ಕಂಡರೆ, ಕಣ್ಣುಗುಡ್ಡೆ ಕೆಳಕ್ಕೆ ಜಾರಿ ಮೇಲೆ ಬಿಳಿ ಕಂಡರೆ, ಮಗು ಹಾಲು ಬಿಟ್ಟು ವಾಂತಿ ಮಾಡುತ್ತ ಮಂಕಾಗಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಅಳೆಯಲು ಬೇಕಿರುವುದು ಒಂದು ಟೇಪು. ಹುಬ್ಬಿನ ಮೇಲಿನಿಂದ, ಕಿವಿಯ ಮೇಲ್ಭಾಗ ಹಾಯಿಸಿ, ಹಿಂದಲೆಯ ಅತಿ ಉಬ್ಬಿದ ಭಾಗಕ್ಕೆ ಸುತ್ತಿ ಅಳೆದು ಬರೆದಿಡಬೇಕು. ಒಂದು ಸಲದ ಅಳತೆಗಿಂತ ತಿಂಗಳಿಂದ ತಿಂಗಳಿಗೆ ಆದ ಏರಿಕೆ ಮುಖ್ಯ.

ದೊಡ್ಡ ಮಕ್ಕಳ ಬುರುಡೆ ಹಿಗ್ಗುವುದಿಲ್ಲ. ಅವರಲ್ಲಿ ಬೆಳಗಿನ ತಲೆನೋವು, ವಾಂತಿ, ಎರಡೆರಡಾಗಿ ಕಾಣುವುದು, ತೂಕಡಿಕೆ ಬರುತ್ತದೆ. ವಯಸ್ಸಾದವರ ಕಥೆ ಬೇರೆ. ಕೊಲಂಬಿಯಾದ ಸಾಲೊಮೊನ್ ಹಕೀಂ 1965ರಲ್ಲಿ ರೇಮಂಡ್ ಆಡಮ್ಸ್ ಜೊತೆ ಸೇರಿ ವಿವರಿಸಿದ ಬಗೆಯಲ್ಲಿ ದ್ರವದ ಒತ್ತಡ ಅಳೆದರೆ ಹೆಚ್ಚೇನೂ ಇರುವುದಿಲ್ಲ, ಕುಹರಗಳು ಮಾತ್ರ ಹಿಗ್ಗಿರುತ್ತವೆ. ಕಾಲು ನೆಲಕ್ಕೆ ಅಂಟಿಕೊಂಡಂತೆ ಎಳೆದೆಳೆದು ನಡೆಯುವುದು, ಮರೆವು, ಮೂತ್ರ ತಡೆಯಲಾಗದಿರುವುದು ಇದರ ಮೂರು ಗುರುತು. ‘ವಯಸ್ಸಾಯಿತಲ್ಲ’ ಎಂದು ಮನೆಯವರು ಸುಮ್ಮನಾಗಿಬಿಡುವುದು ಇಲ್ಲೇ.

ಶಂಟ್ ಹೇಗೆ ಕೆಲಸ ಮಾಡುತ್ತದೆ, ಏಕೆ ಕೆಡುತ್ತದೆ

ಶಂಟ್‌ಗೆ ಮೂರು ಭಾಗ. ಕುಹರದೊಳಗೆ ಇಳಿಯುವ ಕೊಳವೆ, ಕಿವಿಯ ಹಿಂದೆ ಚರ್ಮದ ಕೆಳಗೆ ಕೂರುವ ಕವಾಟ, ಕುತ್ತಿಗೆ ಮತ್ತು ಎದೆಯ ಚರ್ಮದಡಿ ಹಾದು ಹೊಟ್ಟೆಗೆ ಹೋಗುವ ಉದ್ದ ಕೊಳವೆ. ಒತ್ತಡ ಒಂದು ಮಟ್ಟ ಮೀರಿದಾಗ ಕವಾಟ ತೆರೆದು ದ್ರವವನ್ನು ಕೆಳಕ್ಕೆ ಬಿಡುತ್ತದೆ, ಹಿಂದಕ್ಕೆ ಬರಗೊಡುವುದಿಲ್ಲ. ಹೊಟ್ಟೆಯ ಒಳಪೊರೆ ಅದನ್ನು ಹೀರಿಕೊಳ್ಳುತ್ತದೆ. ಕೆಲವು ಕವಾಟಗಳ ಮಟ್ಟವನ್ನು ಹೊರಗಿನಿಂದ ಆಯಸ್ಕಾಂತ ಹಿಡಿದು ಬದಲಾಯಿಸಬಹುದು.

ನಂಬಿಕೆಗೆ ಯೋಗ್ಯವಾದ ಕವಾಟ ಬಂದದ್ದು ಒಬ್ಬ ತಂದೆಯಿಂದ. ಫಿಲಡೆಲ್ಫಿಯಾದ ಬೀಗ ತಯಾರಿಸುವ ಕಂಪನಿಯೊಂದರಲ್ಲಿ ತಂತ್ರಜ್ಞನಾಗಿದ್ದ ಜಾನ್ ಹೋಲ್ಟರ್‌ಗೆ 1955ರಲ್ಲಿ ಹುಟ್ಟಿದ ಮಗನಿಗೆ ಈ ಕಾಯಿಲೆಯಿತ್ತು. ಮಗನ ಶಸ್ತ್ರವೈದ್ಯ ಯೂಜೀನ್ ಸ್ಪಿಟ್ಸ್ ಜೊತೆ ಸೇರಿ ಅವರು ಸಿಲಿಕೋನಿನ ಒಮ್ಮುಖ ಕವಾಟ ಮಾಡಿದರು. 1956ರಲ್ಲಿ ಅದು ಬಳಕೆಗೆ ಬಂತು. 1960ರಲ್ಲಿ ಲೇಖಕ ರೋಆಲ್ಡ್ ಡಾಲ್ ಅವರ ಹಸುಗೂಸು ಮಗನಿಗೆ ನ್ಯೂಯಾರ್ಕಿನಲ್ಲಿ ಅಪಘಾತವಾಗಿ ಇದೇ ತೊಂದರೆ ಬಂತು. ಹಾಕಿದ ಕವಾಟ ಮತ್ತೆ ಮತ್ತೆ ಕಟ್ಟಿಕೊಂಡಿತು. ಡಾಲ್, ಎಂಜಿನಿಯರ್ ಸ್ಟ್ಯಾನ್ಲಿ ವೇಡ್ ಮತ್ತು ಶಸ್ತ್ರವೈದ್ಯ ಕೆನೆತ್ ಟಿಲ್ ಮೂವರೂ ಕೂಡಿ ಇನ್ನೊಂದು ಕವಾಟ ರೂಪಿಸಿದರು.

ಶಂಟ್ ಲಕ್ಷಾಂತರ ಜೀವ ಉಳಿಸಿದೆ. ಆದರೆ ಕುಹರದೊಳಗಿನ ತುದಿಗೆ ಜೀವಕೋಶಗಳು ಬೆಳೆದು ಮುಚ್ಚುತ್ತವೆ, ಕೊಳವೆಗೆ ಸೋಂಕು ತಗಲುತ್ತದೆ, ಮಗು ಬೆಳೆದಂತೆ ಉದ್ದ ಸಾಲದಾಗುತ್ತದೆ, ಕೆಲವೊಮ್ಮೆ ದ್ರವ ಬೇಕಾದ್ದಕ್ಕಿಂತ ಹೆಚ್ಚು ಹರಿದುಹೋಗುತ್ತದೆ. ಮಕ್ಕಳಲ್ಲಿ ಹಾಕಿದ ಹೊಸ ಶಂಟ್‌ಗಳಲ್ಲಿ ಸುಮಾರು ಶೇ. 40ರಷ್ಟು ಮೊದಲ ವರ್ಷದಲ್ಲೇ ಕೆಡುತ್ತವೆ. ಪೇಟೆಯಿಂದ ದೂರದ ಹಳ್ಳಿಯ ಮಗುವಿಗೆ ರಾತ್ರಿ ಶಂಟ್ ಕಟ್ಟಿಕೊಂಡರೆ ಅದು ಪ್ರಾಣದ ಪ್ರಶ್ನೆ.

ವಾರ್ಫ್ ಉಗಾಂಡಾದಲ್ಲಿ ಎದುರಿಸಿದ್ದು ಈ ಪ್ರಶ್ನೆಯನ್ನೇ. ಎಂಡೋಸ್ಕೋಪ್ ಇಳಿಸಿ ಮೂರನೆಯ ಕುಹರದ ತಳದಲ್ಲಿ ಸಣ್ಣ ರಂಧ್ರ ಮಾಡಿ ದ್ರವಕ್ಕೆ ಬದಲಿ ದಾರಿ ಕೊಡುವ ಶಸ್ತ್ರಕ್ರಿಯೆ ಮೊದಲೇ ಇತ್ತು; ಪುಟ್ಟ ಶಿಶುಗಳಲ್ಲಿ ಮಾತ್ರ ಅದು ಅಷ್ಟಾಗಿ ಕೈಹಿಡಿಯುತ್ತಿರಲಿಲ್ಲ. ಅವರು ಅದರ ಜೊತೆಗೆ ಕೊರಾಯ್ಡ್ ಪ್ಲೆಕ್ಸಸ್ಸನ್ನೂ ಸುಟ್ಟು ಕುಗ್ಗಿಸಿದರು. 550 ಮಕ್ಕಳ ಮೇಲಿನ 2005ರ ವರದಿಯಲ್ಲಿ, ಒಂದು ವರ್ಷದೊಳಗಿನವರಲ್ಲಿ ಬರೀ ರಂಧ್ರ ಮಾಡಿದಾಗ ಶೇ. 47ರಷ್ಟು ಯಶಸ್ಸು, ಎರಡನ್ನೂ ಮಾಡಿದಾಗ ಶೇ. 66ರಷ್ಟು. ದೇಹದಲ್ಲಿ ಕೊಳವೆ ಉಳಿಯುವುದಿಲ್ಲವಾದ್ದರಿಂದ ಮುಂದೆ ಕಟ್ಟಿಕೊಳ್ಳುವ ಭಯವೂ ಕಡಿಮೆ.

ಹಣ ಎಷ್ಟು ಬಗೆ, ಖರ್ಚು ಯಾವುದಕ್ಕೆ

‘ಹೈಡ್ರೋಕೆಫಾಲಸ್ ಸಂಶೋಧನೆಗೆ ಪ್ರಶಸ್ತಿ’ ಎಂಬ ಸುದ್ದಿ ಬಂದಾಗ ಅದು ಮೂರರಲ್ಲಿ ಒಂದು ಬಗೆಯದಾಗಿರುತ್ತದೆ.

ಮೊದಲನೆಯದು ಬೀಜಧನ. ಇನ್ನೂ ಯಾರೂ ಪರೀಕ್ಷಿಸದ ಕಲ್ಪನೆಯೊಂದಕ್ಕೆ ಸಣ್ಣ ಮೊತ್ತ, ಕಡಿಮೆ ಅವಧಿ. 1983ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರೋಗಿಗಳ ಪೋಷಕರು ಕಟ್ಟಿದ ‘ಹೈಡ್ರೋಕೆಫಾಲಸ್ ಅಸೋಸಿಯೇಷನ್’ ಕೊಡುವ ‘ಇನ್ನೊವೇಟರ್ ಅವಾರ್ಡ್’ ಈ ಬಗೆಯದು. ಇಂಥ ಹಣದಿಂದ ಪ್ರಯೋಗಶಾಲೆಯಲ್ಲಿ ಪ್ರಾಥಮಿಕ ಫಲಿತಾಂಶ ಪಡೆದು, ಅದನ್ನು ತೋರಿಸಿ ಸರ್ಕಾರದ ದೊಡ್ಡ ಅನುದಾನಕ್ಕೆ ಅರ್ಜಿ ಹಾಕುವುದು ಸಂಶೋಧಕರ ದಾರಿ. ಮೊದಲ ಸಾಕ್ಷ್ಯವಿಲ್ಲದೆ ದೊಡ್ಡ ಹಣ ಬರುವುದಿಲ್ಲ, ಹಣವಿಲ್ಲದೆ ಸಾಕ್ಷ್ಯ ಹುಟ್ಟುವುದಿಲ್ಲ. ಆ ಗಂಟನ್ನು ಬಿಡಿಸುವುದೇ ಬೀಜಧನದ ಕೆಲಸ.

ಎರಡನೆಯದು ವ್ಯಕ್ತಿಯನ್ನು ನಂಬಿ ಕೊಡುವ ಹಣ. ವಾರ್ಫ್ ಮತ್ತು ಶಿಫ್ ಅವರಿಗೆ ಸಿಕ್ಕಿದ್ದು ಇದು. ಅನಿಶ್ಚಿತವಾದರೂ ಕೈಗೂಡಿದರೆ ದೊಡ್ಡದಾಗುವ ಕೆಲಸಕ್ಕೆ ವರ್ಷಗಟ್ಟಲೆ ಬೆಂಬಲ.

ಮೂರನೆಯದು ರೋಗಿಗಳ ಮೇಲಿನ ಪ್ರಯೋಗಕ್ಕೆ ಕೊಡುವ ಹಣ, ಅಂದರೆ ಕ್ಲಿನಿಕಲ್ ಟ್ರಯಲ್‌ಗೆ. ಮೊತ್ತ ದೊಡ್ಡದು, ಕಾಲ ದೀರ್ಘ, ಆಸ್ಪತ್ರೆಗಳು ಹಲವು. ಚೀಟಿ ಎತ್ತಿದಂತೆ ಕಂಪ್ಯೂಟರ್ ರೋಗಿಗಳನ್ನು ಎರಡು ಗುಂಪು ಮಾಡುತ್ತದೆ. ಎರಡಕ್ಕೂ ಬೇರೆ ಬೇರೆ ಚಿಕಿತ್ಸೆ ಕೊಟ್ಟು ಹೋಲಿಸುತ್ತಾರೆ.

ಅರ್ಜಿಯಲ್ಲಿ ಪ್ರಶ್ನೆ ಏನು, ಈಗಾಗಲೇ ತಿಳಿದಿರುವುದೇನು, ಹೇಗೆ ಪರೀಕ್ಷಿಸುತ್ತೀರಿ, ಎಷ್ಟು ರೋಗಿಗಳು ಬೇಕು, ಯಾವ ಅಳತೆಯಿಂದ ಗೆದ್ದೆವೆಂದು ಹೇಳುತ್ತೀರಿ ಎಂದು ಬರೆಯಬೇಕು. ಅದೇ ಕ್ಷೇತ್ರದ ಬೇರೆ ತಜ್ಞರು ಓದಿ ಅಂಕ ಕೊಡುತ್ತಾರೆ. ಹಣ ಬಂದ ಮೇಲೆ ದೊಡ್ಡ ಪಾಲು ಹೋಗುವುದು ಸಂಬಳಕ್ಕೆ: ಸಂಶೋಧನಾ ವಿದ್ಯಾರ್ಥಿಗಳು, ದಾಖಲೆ ಇಡುವ ನರ್ಸುಗಳು, ಅಂಕಿಅಂಶ ತಜ್ಞರು. ಉಳಿದದ್ದು ಎಂ.ಆರ್.ಐ., ಪ್ರಯೋಗಾಲಯದ ಸಾಮಗ್ರಿ, ಮತ್ತು ಯಾರೂ ಸುದ್ದಿಯಲ್ಲಿ ಹೇಳದ ಒಂದು ಖರ್ಚು: ವರ್ಷಗಳ ನಂತರ ಅದೇ ಮಗುವನ್ನು ಹುಡುಕಿ, ಕರೆತಂದು, ಅದರ ಕಲಿಕೆ ಹೇಗಿದೆ ಎಂದು ಪರೀಕ್ಷಿಸುವುದು.

ಹಣ ತಂದುಕೊಟ್ಟ ಉತ್ತರಗಳು

ಈ ಕ್ಷೇತ್ರದಲ್ಲಿ ಹಣ ಅತಿ ಹೆಚ್ಚು ಫಲ ಕೊಟ್ಟಿರುವುದು ಹೊಸ ಯಂತ್ರ ಕೊಂಡಾಗಲ್ಲ, ಎಲ್ಲರೂ ನಿಜವೆಂದು ಒಪ್ಪಿಕೊಂಡಿದ್ದನ್ನು ಪರೀಕ್ಷೆಗೆ ಹಚ್ಚಿದಾಗ.

ದ್ರವದ ಉತ್ಪತ್ತಿ ಕಡಿಮೆ ಮಾಡುವ ಔಷಧಿ ಕೊಟ್ಟರೆ ಅಕಾಲಿಕ ಶಿಶುಗಳಿಗೆ ಶಂಟ್ ತಪ್ಪಬಹುದು ಎಂಬ ತರ್ಕ ಯಾರಿಗಾದರೂ ಸರಿಯೆನಿಸುತ್ತದೆ. ಅಸಿಟಜೋಲಮೈಡ್ ಮತ್ತು ಫ್ಯುರೋಸಮೈಡ್ ಔಷಧಿಗಳನ್ನು ಹೀಗೆ ಕೊಡುತ್ತಲೂ ಇದ್ದರು. 177 ಶಿಶುಗಳ ಮೇಲಿನ ಪ್ರಯೋಗದ ಫಲಿತಾಂಶ 1998ರಲ್ಲಿ ಬಂತು: ಔಷಧಿ ಪಡೆದ ಗುಂಪಿನಲ್ಲೇ ಸಾವು ಅಥವಾ ಶಂಟ್ ಹೆಚ್ಚು. ಆ ರೂಢಿಗೆ ಆಧಾರವಿಲ್ಲದಂತಾಯಿತು.

ಹೊಸ ವಿನ್ಯಾಸದ ಕವಾಟ ಹಳೆಯದಕ್ಕಿಂತ ಮೇಲು ಎಂಬುದು ಇನ್ನೊಂದು ನಂಬಿಕೆ. 344 ಮಕ್ಕಳಲ್ಲಿ ಮೂರು ಬಗೆಯ ಕವಾಟಗಳನ್ನು ಹೋಲಿಸಿದ ಪ್ರಯೋಗದಲ್ಲಿ, 1998ರ ವರದಿಯಂತೆ, ಯಾವುದೂ ಇನ್ನೊಂದನ್ನು ಮೀರಿಸಲಿಲ್ಲ. ಎಂಬಾಲೆಯಲ್ಲಿ ವಾರ್ಫ್ 195 ಮಕ್ಕಳಲ್ಲಿ ಎರಡು ಶಂಟ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಒಂದು 650 ಡಾಲರಿನ ಅಮೆರಿಕನ್ ಕಂಪನಿಯದು. ಇನ್ನೊಂದು 35 ಡಾಲರಿನದು, ನಮ್ಮ ಉತ್ತರ ಪ್ರದೇಶದ ಶಾಹಜಹಾನ್‌ಪುರದಲ್ಲಿ ತಯಾರಾಗುವ ಛಾಬ್ರಾ ಶಂಟ್. ಒಂದು ವರ್ಷದ ನಂತರ ಫಲಿತಾಂಶದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. 2005ರಲ್ಲಿ ಪ್ರಕಟವಾದ ಈ ಹೋಲಿಕೆಯಿಂದ ಬಡ ದೇಶಗಳ ಆಸ್ಪತ್ರೆಗಳಿಗೆ ಸಿಕ್ಕಿದ ಧೈರ್ಯ ಸಣ್ಣದಲ್ಲ.

ಎಲ್ಲ ದುಬಾರಿಯೂ ವ್ಯರ್ಥವೆಂದಲ್ಲ. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ಸುಮಾರು 1,600 ರೋಗಿಗಳ ಮೇಲೆ ನಡೆದ ‘ಬೇಸಿಕ್ಸ್’ ಪ್ರಯೋಗ ಮೂರು ಬಗೆಯ ಕೊಳವೆಗಳನ್ನು ಹೋಲಿಸಿತು. 2019ರ ಫಲಿತಾಂಶದಂತೆ ಸಾಮಾನ್ಯ ಕೊಳವೆಯಲ್ಲಿ ಸೋಂಕು ಶೇ. 6, ಬೆಳ್ಳಿ ಲೇಪದ ಕೊಳವೆಯಲ್ಲೂ ಶೇ. 6, ಆಂಟಿಬಯಾಟಿಕ್ ಹೀರಿಸಿದ ಕೊಳವೆಯಲ್ಲಿ ಶೇ. 2. ಎರಡು ದುಬಾರಿ ಕೊಳವೆಗಳಲ್ಲಿ ಒಂದು ಕೊಟ್ಟ ಹಣಕ್ಕೆ ತಕ್ಕದ್ದು, ಇನ್ನೊಂದು ಅಲ್ಲ. ಪ್ರಯೋಗ ನಡೆಯದಿದ್ದರೆ ಇದು ಯಾರಿಗೂ ತಿಳಿಯುತ್ತಿರಲಿಲ್ಲ.

ಏನನ್ನು ಅಳೆಯುತ್ತೇವೆ ಎಂಬುದೂ ಮುಖ್ಯ ಎಂದು ಕಲಿಸಿದ್ದು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ರೂಪುಗೊಂಡ ‘ಡ್ರಿಫ್ಟ್’ ಪ್ರಯೋಗ. ಮಿದುಳಿನಲ್ಲಿ ರಕ್ತಸ್ರಾವವಾದ 77 ಅಕಾಲಿಕ ಶಿಶುಗಳಲ್ಲಿ ಅರ್ಧದಷ್ಟು ಮಕ್ಕಳ ಕುಹರಗಳನ್ನು ತೊಳೆದು ಹಳೆಯ ರಕ್ತವನ್ನು ಹೊರತೆಗೆದರು. ಶಂಟ್‌ನ ಅಗತ್ಯ ಕಡಿಮೆಯಾಗಲಿಲ್ಲ, ಮರು ರಕ್ತಸ್ರಾವವೂ ಕಂಡಿತು. ಪ್ರಯೋಗವನ್ನು ಬೇಗನೆ ನಿಲ್ಲಿಸಿದರು. ಆದರೆ ಮಕ್ಕಳನ್ನು ಕೈಬಿಡಲಿಲ್ಲ. ಎರಡು ವರ್ಷಕ್ಕೆ ಪರೀಕ್ಷಿಸಿದಾಗ, ತೊಳೆದ ಗುಂಪಿನ ಬದುಕುಳಿದವರಲ್ಲಿ ತೀವ್ರ ಬೌದ್ಧಿಕ ಅಂಗವೈಕಲ್ಯ ಶೇ. 31, ಇನ್ನೊಂದು ಗುಂಪಿನಲ್ಲಿ ಶೇ. 59. ಹತ್ತು ವರ್ಷದ ಮೇಲೂ ಆ ಲಾಭ ಉಳಿದಿತ್ತು. ಶಂಟ್ ಎಣಿಸಿ ಅಲ್ಲಿಗೇ ಬಿಟ್ಟಿದ್ದರೆ ಒಳ್ಳೆಯ ಚಿಕಿತ್ಸೆಯೊಂದು ಸೋತದ್ದರ ಪಟ್ಟಿಗೆ ಸೇರುತ್ತಿತ್ತು.

ವಾರ್ಫ್ ಅವರ ವಿಧಾನಕ್ಕೂ ಇದೇ ಒರೆಗಲ್ಲು ಬಂತು. ಉಗಾಂಡಾದ 100 ಶಿಶುಗಳಲ್ಲಿ ಅದನ್ನೂ ಶಂಟನ್ನೂ ಹೋಲಿಸಿದ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ಒಂದು ವರ್ಷದ ನಂತರ ಮಕ್ಕಳ ಬುದ್ಧಿ ಬೆಳವಣಿಗೆಯ ಅಂಕಗಳಲ್ಲಿ ಗಣನೀಯ ವ್ಯತ್ಯಾಸವಿರಲಿಲ್ಲ. ಕೊಳವೆಯಿಲ್ಲದ ದಾರಿ ಹಿಡಿದರೆ ಮಗು ಕಲಿಕೆಯಲ್ಲಿ ಹಿಂದೆ ಬೀಳುವುದಿಲ್ಲ ಎಂಬ ಭರವಸೆ ಬಂತು, ಅದೇ ಶ್ರೇಷ್ಠ ಎಂದು ಹೇಳಲು ಮಾತ್ರ ಆಗಲಿಲ್ಲ.

ಶಿಫ್ ಇನ್ನೂ ಹಿಂದಕ್ಕೆ ಹೋದರು. ಉಗಾಂಡಾದ ಆಸ್ಪತ್ರೆಗೆ ಬರುತ್ತಿದ್ದ ಮಕ್ಕಳಲ್ಲಿ ಸುಮಾರು ಶೇ. 60ರಷ್ಟು ಮಂದಿಗೆ ಹುಟ್ಟಿದ ಮೊದಲ ವಾರಗಳ ಸೋಂಕೇ ಕಾರಣ ಎಂದು ವಾರ್ಫ್ ಗುರುತಿಸಿದ್ದರು. ಯಾವ ರೋಗಾಣು? ಮಾಮೂಲಿ ಕಲ್ಚರ್ ಪರೀಕ್ಷೆಯಲ್ಲಿ ಏನೂ ಬೆಳೆಯುತ್ತಿರಲಿಲ್ಲ. 100 ಶಿಶುಗಳ ದ್ರವದಲ್ಲಿದ್ದ ತಳಿದ್ರವ್ಯವನ್ನು ಓದಿದಾಗ ‘ಪೇನಿಬ್ಯಾಸಿಲಸ್’ ಎಂಬ, ಯಾರೂ ಶಂಕಿಸದ ಬ್ಯಾಕ್ಟೀರಿಯಾ ಸಿಕ್ಕಿತು. 2020ರಲ್ಲಿ ಇದು ಪ್ರಕಟವಾಯಿತು. ಸೋಂಕನ್ನು ಮೊದಲೇ ಹಿಡಿದರೆ ಶಸ್ತ್ರಚಿಕಿತ್ಸೆಯೇ ಬೇಡವಾಗಬಹುದು ಎಂಬ ದಿಕ್ಕಿಗೆ ಈ ಕೆಲಸ ಸಾಗುತ್ತಿದೆ.

ವಯಸ್ಸಾದವರ ವಿಷಯದಲ್ಲಿ ಶಂಟ್ ನಿಜಕ್ಕೂ ಉಪಯೋಗವೇ ಎಂಬ ಅನುಮಾನ ದಶಕಗಳಿಂದ ಇತ್ತು. 99 ಮಂದಿಯ ‘ಪೆನ್ಸ್’ ಪ್ರಯೋಗದಲ್ಲಿ ಎಲ್ಲರಿಗೂ ಶಂಟ್ ಹಾಕಿ, ಒಂದು ಗುಂಪಿನ ಕವಾಟವನ್ನು ಹೆಚ್ಚುಕಡಿಮೆ ಮುಚ್ಚಿಟ್ಟರು. ಯಾರದ್ದು ತೆರೆದಿದೆ ಎಂದು ರೋಗಿಗೆ ಗೊತ್ತಿರಲಿಲ್ಲ. 2025ರಲ್ಲಿ ಬಂದ ಫಲಿತಾಂಶ: ಮೂರು ತಿಂಗಳಲ್ಲಿ ತೆರೆದ ಕವಾಟದವರ ನಡಿಗೆಯ ವೇಗ ಸೆಕೆಂಡಿಗೆ 0.23 ಮೀಟರ್ ಹೆಚ್ಚಿತು, ಮುಚ್ಚಿದವರದ್ದು 0.03 ಮೀಟರ್. ಬೀಳುವುದು ಕಡಿಮೆಯಾಯಿತು. ಆದರೆ ಬುರುಡೆಯೊಳಗಿನ ರಕ್ತಸ್ರಾವ ತೆರೆದ ಗುಂಪಿನಲ್ಲಿ ಶೇ. 12, ಇನ್ನೊಂದರಲ್ಲಿ ಶೇ. 2. ಲಾಭ ಮತ್ತು ಅಪಾಯ ಎರಡನ್ನೂ ಅಂಕಿಯಲ್ಲಿ ಮುಂದಿಟ್ಟಾಗ ಮಾತ್ರ ಮನೆಯವರು ಕೂತು ತೀರ್ಮಾನಿಸಲು ಸಾಧ್ಯ.

ನಮ್ಮ ದೇಶದ ಪ್ರಶ್ನೆಗಳು

ಅಮೆರಿಕದಲ್ಲಿ ಕೇಳದ ಪ್ರಶ್ನೆಯೊಂದು ಇಲ್ಲಿದೆ: ಕ್ಷಯದಿಂದ ಬರುವ ಹೈಡ್ರೋಕೆಫಾಲಸ್. ಮಿದುಳುಪೊರೆಯ ಕ್ಷಯದಲ್ಲಿ ದಪ್ಪನೆಯ ಕೀವಿನಂಥ ಪದಾರ್ಥ ಮಿದುಳಿನ ತಳದಲ್ಲಿ ಕಟ್ಟಿಕೊಂಡು ದ್ರವದ ದಾರಿಯನ್ನು ಮುಚ್ಚುತ್ತದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ಇಂಥ 114 ರೋಗಿಗಳನ್ನು ದೀರ್ಘಕಾಲ ಹಿಂಬಾಲಿಸಿ 1991ರಲ್ಲಿ ನಾಲ್ಕು ಹಂತಗಳ ವರ್ಗೀಕರಣ ಕೊಟ್ಟರು. ಪ್ರಜ್ಞೆ ಚೆನ್ನಾಗಿದ್ದ ಮೊದಲ ಹಂತದವರಲ್ಲಿ ಸಾವು ಶೇ. 20, ಆಳವಾದ ಪ್ರಜ್ಞಾಹೀನತೆಯ ನಾಲ್ಕನೆಯ ಹಂತದವರು ಶಂಟ್ ಹಾಕಿಯೂ ಉಳಿಯಲಿಲ್ಲ. ಬೇಗ ಗುರುತಿಸುವುದಕ್ಕೆ ಇಷ್ಟು ಬೆಲೆ ಇದೆ ಎಂದು ಆ ಅಂಕಿಗಳೇ ಹೇಳುತ್ತವೆ. ಹುಟ್ಟಿದ ಮಗುವಿಗೆ ಹಾಕುವ ಬಿ.ಸಿ.ಜಿ. ಲಸಿಕೆ ಕಾಪಾಡುವುದು ಮುಖ್ಯವಾಗಿ ಇಂಥ ತೀವ್ರ ಕ್ಷಯದಿಂದಲೇ.

ತಡೆಯಬಹುದಾದ ಇನ್ನೊಂದು ಕಾರಣ ಸ್ಪೈನಾ ಬೈಫಿಡಾ. ಗರ್ಭ ನಿಂತ 28 ದಿನಗಳೊಳಗೆ ಭ್ರೂಣದ ಬೆನ್ನುಹುರಿಯ ಕೊಳವೆ ಮುಚ್ಚಿಕೊಳ್ಳಬೇಕು. ಅಷ್ಟರಲ್ಲಿ ಎಷ್ಟೋ ತಾಯಂದಿರಿಗೆ ತಾವು ಗರ್ಭಿಣಿ ಎಂದೇ ಗೊತ್ತಿರುವುದಿಲ್ಲ. ಹಿಂದೆ ಇಂಥ ಮಗು ಹೆತ್ತ ತಾಯಂದಿರಿಗೆ ಫೋಲಿಕ್ ಆಸಿಡ್ ಕೊಟ್ಟರೆ ಮರುಕಳಿಸುವುದು ಶೇ. 72ರಷ್ಟು ತಗ್ಗುತ್ತದೆ ಎಂದು ಏಳು ದೇಶಗಳಲ್ಲಿ ನಡೆದ ಪ್ರಯೋಗ 1991ರಲ್ಲಿ ತೋರಿಸಿತು. ಹಾಗಾಗಿ ಗರ್ಭ ಧರಿಸುವ ಮೊದಲಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ತೆಗೆದುಕೊಳ್ಳಬೇಕು. ಹಿಂದೆ ತೊಂದರೆಯಾಗಿದ್ದವರಿಗೆ ವೈದ್ಯರು ಹೆಚ್ಚಿನ ಪ್ರಮಾಣ ಬರೆದುಕೊಡುತ್ತಾರೆ. ಮೂರನೆಯ ತಿಂಗಳಲ್ಲಿ ಮಾತ್ರೆ ಶುರುಮಾಡಿದರೆ ಬೆನ್ನುಹುರಿಯ ಮಟ್ಟಿಗೆ ಕಾಲ ಮೀರಿರುತ್ತದೆ.

ಭಾರತದಲ್ಲಿ ಇಂಥ ಸಂಶೋಧನೆಗೆ ಹಣ ಕೇಳಬಹುದಾದ ಬಾಗಿಲುಗಳು ಐ.ಸಿ.ಎಂ.ಆರ್., ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ, 2008ರಲ್ಲಿ ಆರಂಭವಾದ ಇಂಡಿಯಾ ಅಲಯನ್ಸ್, ಮತ್ತು 2023ರ ಕಾಯ್ದೆಯಿಂದ ಬಂದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ. ಇಲ್ಲಿನ ಕ್ಲಿನಿಕಲ್ ಟ್ರಯಲ್‌ಗಳು 2009ರ ಜೂನ್‌ನಿಂದ ಸಿ.ಟಿ.ಆರ್.ಐ. ಎಂಬ ಸಾರ್ವಜನಿಕ ನೋಂದಣಿಯಲ್ಲಿ ದಾಖಲಾಗಬೇಕು. ಯಾರು ಬೇಕಾದರೂ ಅಂತರ್ಜಾಲದಲ್ಲಿ ಅದನ್ನು ಹುಡುಕಿ ನೋಡಬಹುದು. ನಿಮ್ಮ ಮನೆಯವರನ್ನು ಪ್ರಯೋಗಕ್ಕೆ ಸೇರಿಸಲು ಕೇಳಿದರೆ ನೋಂದಣಿ ಸಂಖ್ಯೆ ಕೇಳಿ, ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಓದಿ ತಿಳಿದುಕೊಳ್ಳಿ. ಒಪ್ಪದಿದ್ದರೂ, ಒಪ್ಪಿ ನಡುವೆ ಹೊರಬಂದರೂ ಮಾಮೂಲಿ ಚಿಕಿತ್ಸೆಯನ್ನು ನಿಲ್ಲಿಸುವಂತಿಲ್ಲ.

ಶಂಟ್ ಇರುವ ಮನೆಯವರಿಗೆ

ಯಾವ ಕಂಪನಿಯ ಕವಾಟ, ಯಾವ ಮಟ್ಟಕ್ಕೆ ಇಟ್ಟಿದ್ದಾರೆ, ಹಾಕಿದ ದಿನಾಂಕ ಯಾವುದು ಎಂದು ಒಂದು ಚೀಟಿಯಲ್ಲಿ ಬರೆದು ಮೊಬೈಲಿನಲ್ಲೂ ಫೋಟೋ ಇಟ್ಟುಕೊಳ್ಳಿ. ಮಗು ಆರೋಗ್ಯವಾಗಿದ್ದಾಗ ತೆಗೆಸಿದ ಸ್ಕ್ಯಾನನ್ನು ಎಸೆಯಬೇಡಿ. ಶಂಟ್ ಕಟ್ಟಿದೆಯೇ ಎಂದು ತೀರ್ಮಾನಿಸುವಾಗ ವೈದ್ಯರು ಹೊಸ ಚಿತ್ರವನ್ನು ಅದರೊಂದಿಗೆ ಹೋಲಿಸುತ್ತಾರೆ. ಮಟ್ಟ ಬದಲಿಸಬಹುದಾದ ಕವಾಟವಿದ್ದರೆ ಎಂ.ಆರ್.ಐ.ಗೆ ಮೊದಲು ಅದನ್ನು ತಿಳಿಸಿ, ನಂತರ ಮಟ್ಟ ಪರೀಕ್ಷಿಸಿಕೊಳ್ಳಿ. ಕೆಲವು ಮಾದರಿಗಳಲ್ಲಿ ಆಯಸ್ಕಾಂತದಿಂದ ಅದು ಬದಲಾಗಬಹುದು. ಕಾರಣ ತಿಳಿಯದ ಜ್ವರ, ಕೊಳವೆಯ ಮೇಲಿನ ಚರ್ಮ ಕೆಂಪಾಗುವುದು, ತಲೆನೋವು-ವಾಂತಿ-ಮಂಪರು ಒಟ್ಟಿಗೆ ಬರುವುದು ಕಂಡರೆ ಬೆಳಗಾಗಲಿ ಎಂದು ಕಾಯದೆ ನರಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೆ ಹೋಗಿ.

ಇನ್ನು ಮುಂದೆ ‘ಮಿದುಳಿನ ನೀರಿನ ಸಂಶೋಧನೆಗೆ ಪ್ರಶಸ್ತಿ’ ಎಂಬ ಸುದ್ದಿ ಕಂಡರೆ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಕೆಲಸ ಇಲಿಯಲ್ಲಿ ನಡೆದಿದೆಯೇ, ಮನುಷ್ಯರಲ್ಲೇ? ಯಾವುದರೊಂದಿಗೆ ಹೋಲಿಸುತ್ತಿದ್ದಾರೆ? ಅಳೆಯುವುದು ಸ್ಕ್ಯಾನಿನ ಚಿತ್ರವನ್ನೇ, ಮಗುವಿನ ಕಲಿಕೆ ಮತ್ತು ಅಜ್ಜನ ನಡಿಗೆಯನ್ನೇ? ಎಷ್ಟು ವರ್ಷ ನೋಡುತ್ತಾರೆ? ಬೀಜಧನದ ಸುದ್ದಿಯಾದರೆ ಚಿಕಿತ್ಸೆ ಬರಲು ವರ್ಷಗಳೇ ಬೇಕು. ಇವತ್ತಿನ ಶಸ್ತ್ರಚಿಕಿತ್ಸೆಯನ್ನು ಅದಕ್ಕಾಗಿ ಮುಂದೂಡಬೇಡಿ. ದೊಡ್ಡ ಪ್ರಯೋಗದ ಫಲಿತಾಂಶವಾದರೆ ಆ ಕಾಗದವನ್ನು ನಿಮ್ಮ ವೈದ್ಯರ ಬಳಿ ಒಯ್ದು, ‘ನಮ್ಮ ಮಗುವಿಗೆ ಇದು ಅನ್ವಯಿಸುತ್ತದೆಯೇ ಡಾಕ್ಟ್ರೇ’ ಎಂದು ಕೇಳಿ.